ಕಡಲ ದಂಡೆಯಲ್ಲಿ ತೊಗರಿ ನಾಡಿನವರು

ಭೀಮಾನದಿ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರ ಬಹುದೂರವೇನಲ್ಲ. ಆದರೂ ನದಿಯು ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ತಿರುಗಿ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ನಾವೂ ಹಾಗೆಯೇ ಕಡಲಿಗೆ ಬೆನ್ನು ಮಾಡಿ ಬದುಕಿದವರು. ನಮ್ಮ ಹಿರಿಯರನ್ನು ಆಳಿದ ನಿಜಾಮನ ಸೀಮೆಗೆ ಸ್ವಂತ ಬಂದರೇ ಇರಲಿಲ್ಲ. ಹಡಗು ಎಂಬುದು ನಮಗೆ ಶಾಲೆಯ ಪುಸ್ತಕದ ಚಿತ್ರವಾಗಿತ್ತು.

ತೊಗರಿಯ ರಾಶಿ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿಗಳ ಕೆಲವು ಕುಟುಂಬಗಳವರು ಕೂಡಿ ಧರ್ಮಸ್ಥಳದ ಯಾತ್ರೆ ಕೈಗೊಂಡೆವು. ದರ್ಶನವಾದ ಮೇಲೆ ಮಂಗಳೂರಿನಲ್ಲಿ ಎರಡು ದಿನ ತಂಗಿದೆವು. ಮಕ್ಕಳಿಗೆ ಸಮುದ್ರ ತೋರಿಸಬೇಕೆಂಬುದು ನೆಪ. ನಮಗೂ ಅದೇ ಆಸೆಯಿತ್ತೆಂದು ಒಪ್ಪಿಕೊಳ್ಳಬೇಕು.

ಮೊದಲು ಹೋದದ್ದು ಹಳೆಯ ಬಂದರಿಗೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವಲ್ಲಿ ಅದು ಇದೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಒಯ್ಯುವ ಮಂಜಿಗಳು ಧಕ್ಕೆಗೆ ಕಟ್ಟಿದ್ದವು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು, ಪರ್ಷಿಯಾ ಮತ್ತು ಯೆಮನ್ ದೇಶದ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ, ಮೆಣಸು, ಶುಂಠಿ ಹೇರಳವಾಗಿದ್ದವೆಂದೂ ಬರೆದಿದ್ದಾನೆ. ಮುಂದೆ ಈ ಕರಾವಳಿಯು ವೀರಶೈವ ಅರಸರಾದ ಕೆಳದಿಯ ನಾಯಕರ ಆಳ್ವಿಕೆಗೆ ಬಂದಿತು. ಮಲೆನಾಡಿನಲ್ಲಿ ರಾಜಧಾನಿಯನ್ನಿಟ್ಟುಕೊಂಡೇ ಅವರು ಕಡಲ ವ್ಯಾಪಾರದ ಬೆಲೆಯನ್ನು ಅರಿತಿದ್ದರು. ಗೋವೆಯ ಪೋರ್ಚುಗೀಸರ ಅನ್ನಕ್ಕೆ ಕೆನರಾದ ಅಕ್ಕಿಯೇ ಆಧಾರವಾಗಿತ್ತು. 1650ರ ದಶಕದಲ್ಲಿ ಶಿವಪ್ಪನಾಯಕನು ಅವರ ಕೋಟೆಗಳನ್ನು ಗೆದ್ದುದರ ಹಿಂದೆ ಈ ಅಕ್ಕಿ, ಮೆಣಸುಗಳ ಲೆಕ್ಕವೂ ಇದ್ದಿತೆಂದು ನಮ್ಮ ಭಾವನೆ. ಶರಣರ ನಾಡಿನವರಾದ ನಮಗೆ ಕೆಳದಿಯ ಮಠಗಳ ಕಥೆ ಗೊತ್ತು, ಬಂದರುಗಳ ಕಥೆ ಗೊತ್ತಿಲ್ಲ.

1763ರಲ್ಲಿ ಹೈದರಾಲಿ, 1799ರಲ್ಲಿ ಇಂಗ್ಲಿಷರು ಬಂದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಹಡಗೇರಿ ದೇಶದೇಶಕ್ಕೆ ಹೋಯಿತು. ಶಹಾಬಾದ ಕಲ್ಲಿನ ನಮ್ಮ ಮನೆಗಳಿಗೆ ಮಾತ್ರ ಅದರ ಗೊಡವೆ ಬೇಕಾಗಲಿಲ್ಲ. 1906ರಲ್ಲಿ ಕೆನರಾ ಬ್ಯಾಂಕು ಈ ಊರಲ್ಲಿಯೇ ಹುಟ್ಟಿತು. 1907ರಲ್ಲಿ ರೈಲು ಬಂದಿತು. ಆದರೆ ಆ ರೈಲು ದಕ್ಷಿಣಕ್ಕೆ, ಮಲಬಾರಿನತ್ತ ಹೋಗುತ್ತಿತ್ತು. ಬೆನ್ನ ಹಿಂದಿನ ಘಟ್ಟವನ್ನೇರಿ ಹಾಸನವನ್ನು ಮುಟ್ಟುವ ಹಳಿ ಪೂರ್ಣವಾದದ್ದು 1979ರಲ್ಲಿ. ಬಂದರು ದೊಡ್ಡದಾಗುವುದು ಮುಂದಿನ ಸಮುದ್ರದಿಂದಲ್ಲ, ಹಿಂದಿನ ದಾರಿಯಿಂದ ಎಂಬುದು ಇಲ್ಲಿ ಚೆನ್ನಾಗಿ ಮನದಟ್ಟಾಯಿತು.

1956ರ ನವೆಂಬರ್ 1ರಂದು ಮದರಾಸಿನ ಕಡೆಯಿಂದ ದಕ್ಷಿಣ ಕನ್ನಡವೂ ಹೈದರಾಬಾದಿನ ಕಡೆಯಿಂದ ನಮ್ಮ ಜಿಲ್ಲೆಯೂ ಒಂದೇ ದಿನ ಒಂದೇ ರಾಜ್ಯಕ್ಕೆ ಬಂದು ಸೇರಿದವು. ಆಮೇಲೆ ಅವರಿಗೆ ಪಣಂಬೂರಿನಲ್ಲಿ ಹೊಸ ಬಂದರಾಯಿತು. ಅದು ನದೀಮುಖದ ಬಂದರಲ್ಲ. ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆತಂದದ್ದು. 1974ರ ಮೇ 4ರಂದು ದೇಶದ 9ನೆಯ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಜಾಗ ಬಿಟ್ಟುಕೊಟ್ಟ ಕುಟುಂಬಗಳು ಕಾಟಿಪಳ್ಳದ ಕಡೆ ಹೊಸದಾಗಿ ಒಲೆ ಹೂಡಬೇಕಾಯಿತು. ಬಂದರಿನ ಮಗ್ಗುಲಲ್ಲಿ ರಸಗೊಬ್ಬರದ ಕಾರ್ಖಾನೆ ಎದ್ದಿತು. ಕುದುರೆಮುಖದ ಅದಿರು 2005ರ ಕೊನೆಯವರೆಗೆ ಇಲ್ಲಿಗೆ ಇಳಿದುಬಂದಿತು. 1996ರಲ್ಲಿ ತೈಲ ಶುದ್ಧೀಕರಣ ಆರಂಭವಾಯಿತು. ಇಂದು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು ಒಳಬರುತ್ತವೆ, ಕಾಫಿ ಹೊರಹೋಗುತ್ತದೆ.

ಸಂಜೆ ಪಣಂಬೂರಿನ ದಂಡೆಯಲ್ಲಿ ಕುಳಿತಾಗ ದೂರದಲ್ಲಿ ನಾಲ್ಕಾರು ಹಡಗುಗಳು ಸರದಿ ಕಾಯುತ್ತಿದ್ದವು. ನಮ್ಮೊಡನಿದ್ದ ಜೇವರ್ಗಿಯ ಹಿರಿಯ ತಾಯಿಯೊಬ್ಬರು, "ಆ ಹಡಗಿನ್ಯಾಗ ನಮ್ಮ ತೊಗರಿ ಹೋಗ್ತದೇನು?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಹೋಗುವುದಕ್ಕಿಂತ ಬರುವುದೇ ನಮ್ಮನ್ನು ಕಾಡುವ ಸಂಗತಿ. ನಮ್ಮ ದೇಶವು ತೊಗರಿಗಾಗಿ ಮೊಜಾಂಬಿಕ್‌ನೊಡನೆ 2016ರಲ್ಲಿಯೂ, ಮಲಾವಿ ಮತ್ತು ಮ್ಯಾನ್ಮಾರ್‌ಗಳೊಡನೆ 2021ರಲ್ಲಿಯೂ ಒಪ್ಪಂದ ಮಾಡಿಕೊಂಡಿದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತದ್ದು ನಮಗೆ ಹೆಮ್ಮೆ. ಆದರೆ ಮುಂಬಯಿಗೋ ಚೆನ್ನೈಗೋ ಪರದೇಶದ ತೊಗರಿ ಬಂದಿಳಿದರೆ ಕಲಬುರಗಿಯ ಅಡತಿ ಅಂಗಡಿಯಲ್ಲಿ ಧಾರಣಿ ನಡುಗುತ್ತದೆ. ಪಟ್ಟಣದ ಬಡವನಿಗೆ ಬೇಳೆ ಅಗ್ಗವಾಗಲಿ ಎಂಬುದೂ ನ್ಯಾಯವೇ. ಆದರೆ ರೈತ ರಾಶಿ ಮಾಡುವ ಹೊತ್ತಿಗೇ ಹಡಗು ಬರಬೇಕೇ ಎಂಬುದು ನಮ್ಮ ಪ್ರಶ್ನೆ.

ನಮ್ಮ ಮಾತು ಕೇಳಿ ಯುವಕನೊಬ್ಬ ಹತ್ತಿರ ಬಂದ. "ಕಾಕಾ, ಯಾವೂರ್ರಿ ನಿಮ್ದು?" ಎಂದ. ತಾನು ಅಫಜಲಪುರ ತಾಲ್ಲೂಕಿನವನೆಂದೂ, ಮಳೆ ಕೈಕೊಟ್ಟ ವರ್ಷ ಹೆಂಡತಿಯೊಡನೆ ಬಂದವನು ಕಟ್ಟಡದ ಕೆಲಸದಲ್ಲಿ ಉಳಿದುಬಿಟ್ಟೆನೆಂದೂ ಹೇಳಿದ. ಇಲ್ಲಿಯ ಜನ ಇಂಥವರನ್ನು 'ಘಟ್ಟದವರು' ಎನ್ನುತ್ತಾರಂತೆ. ಈ ನಗರದಲ್ಲಿ ಏಳುತ್ತಿರುವ ಬಹುಮಹಡಿಗಳ ಗೋಡೆಗಳಿಗೆ ನಮ್ಮ ಕಡೆಯ ಎಷ್ಟೋ ಜನ ಇಟ್ಟಿಗೆ ಹೊತ್ತಿದ್ದಾರೆ. ಹಡಗಿನಲ್ಲಿ ನಮ್ಮ ತೊಗರಿ ಹೋಗದಿದ್ದರೂ, ಬಂದರಿನ ಊರಿಗೆ ನಮ್ಮ ಮಕ್ಕಳು ಬಂದಿದ್ದಾರೆ.

ತಾಯಂದಿರು ಬುತ್ತಿಯಲ್ಲಿ ಉಳಿದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಅವನಿಗೆ ಕಟ್ಟಿಕೊಟ್ಟರು. ಅವನು ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡು, ಹೊರಡುವಾಗ ತಿರುಗಿ ನಿಂತು ಕೇಳಿದ:

"ಈ ಸಲ ತೊಗರಿ ಧಾರಣಿ ಏನದ, ಕಾಕಾ?"