ಹೌದು ಅಂತ ಬರಕೊಳ್ರಿ

ಸಿರುಗುಪ್ಪದಲ್ಲಿ ಹತ್ತು ಗಂಟೆಗೇ ಕಟ್ಟೆಯ ಕಲ್ಲು ಕಾದಿದೆ. ಭತ್ತದ ನಾಟಿಗೆ ಹೋಗುವ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮೆದುರು ಕೂರುತ್ತಾರೆ. ಮಡಿಲಲ್ಲಿ ಬಿಪಿ ಗುಳಿಗೆಯ ಶೀಟು, ಉಳಿದಿರುವುದು ಎರಡೇ. ನನ್ನ ಜೊತೆಗೆ ಬಂದ ಹುಡುಗಿ ಪ್ರಶ್ನೆಗಳ ಹಾಳೆ ಬಿಡಿಸುತ್ತಾಳೆ.

"ನಿಮ್ಮ ಆರೋಗ್ಯ ನಿಮ್ಮ ಕೈಯಾಗ ಐತಿ ಅನಸ್ತದೇನ್ರಿ ಅಕ್ಕಾರ?"

"ಹೌದ್ರಿ."

"ಡಾಕ್ಟ್ರ ಮಾತು ಕೇಳಿದ್ರ ಆರಾಮ ಇರಬಹುದು ಅಂತೀರಾ?"

"ಹೌದ್ರಿ ಮತ್ತ."

"ಎಲ್ಲಾ ಹಣೆಬರಹ ಅಂತಾರಲ್ರಿ?"

"ಅದನೂ ಹೌದು ಅಂತ ಬರಕೊಳ್ರಿ."

ಮನೆ ಬಾಗಿಲಿಗೆ ಬಂದವರಿಗೆ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಹುಡುಗಿ ಚೀಲದಿಂದ ಆರು ಹುಣಸೆ ಬೀಜ ತೆಗೆದು ಕಲ್ಲಿನ ಮೇಲೆ ಸಾಲಾಗಿಡುತ್ತಾಳೆ. ಒಂದೆಂದರೆ ಚೂರೂ ಒಪ್ಪಿಗೆಯಿಲ್ಲ, ಆರೆಂದರೆ ಪೂರಾ ಒಪ್ಪಿಗೆ. ಈಗ ಅಕ್ಕನ ಬೆರಳು ನಿಧಾನಿಸುತ್ತದೆ. ಡಾಕ್ಟರಿಗೆ ಆರೂ ಸರಿಯುತ್ತವೆ. ಹಣೆಬರಹಕ್ಕೆ ಐದು. ತನ್ನ ಕೈಯ ಮಾತಿಗೆ ಐದು ಸರಿಸಿ, ಎರಡನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ನುಂಗೋದು ನನ್ನ ಕೈಯಾಗ ಐತ್ರಿ. ತರಾಕ ಹೋದ್ರ ಆ ದಿನದ ಕೂಲಿ ಹೋತಲ್ಲ!"

ಮೂರೂ ಪ್ರಶ್ನೆಗೆ ಒಬ್ಬರೇ ಹೌದೆಂದರೆ ಉತ್ತರ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಬದುಕಿನ ಹಿಡಿತ ಒಳಗಿನದೋ ಹೊರಗಿನದೋ ಎಂಬ ನಂಬಿಕೆಗೆ ಜೂಲಿಯನ್ ರಾಟರ್ 1966ರಲ್ಲಿ ಒಂದು ಅಳತೆ ಕೊಟ್ಟಿದ್ದರು. 1978ರಲ್ಲಿ ಕೆನೆತ್ ಮತ್ತು ಬಾರ್ಬರಾ ವಾಲ್‌ಸ್ಟನ್, ರಾಬರ್ಟ್ ಡಿವೆಲಿಸ್ ಅದನ್ನು ಆರೋಗ್ಯಕ್ಕೆಂದು ಬೇರೆಯಾಗಿ ಹೊಲಿದರು. ನಮ್ಮ ಹಾಳೆಯಲ್ಲಿರುವುದು ಅದೇ: 18 ವಾಕ್ಯ, ಮೂರು ಪಾಲು. ನಾನು, ನನಗಿಂತ ಬಲವುಳ್ಳವರು, ಅದೃಷ್ಟ. ಪ್ರತಿ ಪಾಲಿಗೂ 6ರಿಂದ 36 ಅಂಕ, ಮೂರನ್ನೂ ಕೂಡಿಸುವಂತಿಲ್ಲ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದೂ ಇಲ್ಲ.

ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದ ಅಜ್ಜಿ ಹಣೆಬರಹದ ಬೀಜಗಳನ್ನು ಮುಟ್ಟುವುದೇ ಇಲ್ಲ. "ಹಣೆಬರಹ ಬ್ಯಾರೆ, ಬಸಪ್ಪ ಬ್ಯಾರೆ. ಅಂವ ಕೈ ಬಿಡಂಗಿಲ್ಲ." ಅಜ್ಜಿಯದು ಸರಿಯಾದ ತಕರಾರು. ವಾಲ್‌ಸ್ಟನ್ ಮತ್ತು ಜೊತೆಗಾರರೂ 1999ರಲ್ಲಿ ದೇವರಿಗೆಂದೇ ಬೇರೆ ಆರು ವಾಕ್ಯ ತಂದರು.

ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಓಪಿಡಿ ಸಾಲಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಒಳಗಿನ ಬಾಗಿಲನ್ನೊಮ್ಮೆ ನೋಡಿ, ಡಾಕ್ಟರ ಪಾಲಿಗೆ ಆರೂ ಬೀಜ ನೂಕುತ್ತಾರೆ. ಅವರ ಸರದಿ ಮುಗಿದ ಮೇಲೆ ಹೊರಗೆ ಬೇವಿನ ನೆರಳಿನಲ್ಲಿ ಕೂತು ಅದೇ ಪ್ರಶ್ನೆ ಕೇಳಿದರೆ ನಾಲ್ಕು. ಉತ್ತರ ಕೊಟ್ಟ ಜಾಗವನ್ನೂ ಹಾಳೆಯ ಮೇಲೆ ಬರೆಯದಿದ್ದರೆ ಈ ಅಂಕಕ್ಕೆ ಬೆಲೆಯಿಲ್ಲ ಎಂದು ಹುಡುಗಿಗೆ ಹೇಳುತ್ತೇನೆ. ಅವಳು ಆಗಲೇ ಅಂಚಿನಲ್ಲಿ ಬರೆದಿದ್ದಾಳೆ. ಅದರ ಕೆಳಗೆ, ಸಿರುಗುಪ್ಪದಿಂದಲೂ ಕೂಡುತ್ತ ಬಂದದ್ದು: ಕೂಲಿ, ಬಸ್ಸು, ಗುಳಿಗೆ ಖಾಲಿ. 18 ವಾಕ್ಯಗಳಲ್ಲಿ ಇವಕ್ಕೆ ಜಾಗವಿಲ್ಲ. ಹಾಳೆಯ ಹಿಂಬದಿಗೆ ಮೂರು ಪ್ರಶ್ನೆ ಬರೆದು, ಆ ಹಿರಿಯರನ್ನೇ ಮೊದಲು ಕೇಳುತ್ತೇವೆ: ಹೋದ ತಿಂಗಳು ಎಷ್ಟು ದಿನ ಗುಳಿಗೆ ತಪ್ಪಿತು?