ನಿದ್ರಾಲೋಕದ ನೆರೆಯೂರು

ನ್ಯೂಯಾರ್ಕ್ ನಗರದ ದಕ್ಷಿಣದಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಮರಳ ದಂಡೆಯ ಮೇಲೆ ಕೋನಿ ಐಲೆಂಡ್ ಎಂಬ ವಿಹಾರಸ್ಥಾನವಿದೆ. ಹೆಸರಿಗೆ ದ್ವೀಪವಾದರೂ ಈಗ ಅದು ನೆಲದೊಡನೆ ಕೂಡಿಕೊಂಡಿದೆ. ರೈಲು ಕೊನೆಯ ನಿಲ್ದಾಣದಲ್ಲಿ ನಿಂತೊಡನೆ ಉಪ್ಪುಗಾಳಿ ಬೀಸಿ ಬರುತ್ತದೆ. ಮುಂದೆ ಹಲಗೆ ಹಾಸಿದ ಉದ್ದನೆಯ ಕಾಲುದಾರಿ. ಅದರಾಚೆ ಅಲೆಗಳ ಮೊರೆತ. ಆದರೆ ಈ ಊರಿನ ಹಳೆಯ ವೈಭವದ ನೆರಳನ್ನು ಕಾಣಬಯಸುವವರು ಒಂದು ಚಿತ್ರಕಥೆಯ ಪುಟಗಳನ್ನೂ ತೆರೆಯಬೇಕು.

1903ರಲ್ಲಿ ಇಲ್ಲಿ ಲೂನಾ ಪಾರ್ಕ್ ತೆರೆಯಿತು; ಮರುವರ್ಷ ಡ್ರೀಮ್‌ಲ್ಯಾಂಡ್. ಕತ್ತಲಾದೊಡನೆ ಗೋಪುರಗಳ ಮೇಲೆ ಲಕ್ಷಗಟ್ಟಲೆ ವಿದ್ಯುದ್ದೀಪಗಳು ಬೆಳಗುತ್ತಿದ್ದವು. ವಾರವೆಲ್ಲ ದುಡಿದು ದಣಿದ ಗುಮಾಸ್ತರೂ ಕಾರ್ಖಾನೆಯ ಹೆಣ್ಣುಮಕ್ಕಳೂ ರೆಕ್ಕೆಯ ಹಡಗನ್ನೇರಿ, ಚಂದ್ರಲೋಕಕ್ಕೆ ಹೋದಂತೆ ಭ್ರಮಿಸಿ, ರಾತ್ರಿಗೆ ತಮ್ಮ ಇಕ್ಕಟ್ಟಾದ ಮನೆಗಳಿಗೆ ಮರಳುತ್ತಿದ್ದರು.

ಸಮೀಪದ ಶೀಪ್ಸ್‌ಹೆಡ್ ಬೇ ಎಂಬಲ್ಲಿ ವಿನ್ಸರ್ ಮೆಕೆ ಎಂಬ ಚಿತ್ರಕಾರನ ಮನೆಯಿತ್ತು. 1905ರ ಅಕ್ಟೋಬರ್ 15ರಂದು 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಅವನ 'ಲಿಟಲ್ ನೀಮೋ' ಆರಂಭವಾಯಿತು. ಲ್ಯಾಟಿನ್ ಭಾಷೆಯಲ್ಲಿ ನೀಮೋ ಎಂದರೆ 'ಯಾರೂ ಅಲ್ಲ' ಎಂದರ್ಥ. ಅವನು ರಾಜಪುತ್ರನಲ್ಲ, ವರ ಪಡೆದವನಲ್ಲ. ನಿಲುವಂಗಿ ತೊಟ್ಟು ಮಲಗಿದ ಸಾಮಾನ್ಯ ಮನೆಯ ಹುಡುಗ. ನಿದ್ರಾಲೋಕದ ಅರಸನು ತನ್ನ ಮಗಳ ಆಟದ ಜೊತೆಗಾರನಾಗಲು ಅವನನ್ನೇ ಕರೆಸುತ್ತಾನೆ.

ಹಾದಿಯಾದರೋ ಸುಗಮವಲ್ಲ. ನೀಮೋ ಆ ಲೋಕದ ಬಾಗಿಲನ್ನು ಮುಟ್ಟುವುದಕ್ಕೇ ಹಲವು ತಿಂಗಳುಗಳು ಹಿಡಿದವು. 1908ರ ಜುಲೈ 26ರ ಪುಟದಲ್ಲಿ ಅವನ ಮಂಚಕ್ಕೇ ಉದ್ದನೆಯ ಕಾಲುಗಳು ಬೆಳೆದು, ಅದು ನಗರದ ಮನೆಗಳ ಮೇಲೆ ಹೆಜ್ಜೆಯಿಟ್ಟು ಓಡುತ್ತದೆ. ಕೊನೆಗೆ ಎಡವಿ ಬೀಳುತ್ತದೆ. ಕೊನೆಯ ಚಿಕ್ಕ ಚೌಕದಲ್ಲಿ ಎಲ್ಲ ವಾರಗಳಂತೆ ಅದೇ ಕೋಣೆ, ಕಣ್ಣುಜ್ಜಿಕೊಳ್ಳುವ ಅದೇ ಹುಡುಗ. ಎಷ್ಟು ದೂರ ಹೋದರೂ ಮನೆ ತಪ್ಪಿಹೋಗದೆಂಬ ಈ ಅಭಯವಿದ್ದುದರಿಂದಲೇ ಮಕ್ಕಳು ಮುಂದಿನ ಭಾನುವಾರ ಮತ್ತೆ ಹೊರಡಲು ಅಂಜಲಿಲ್ಲ.

ಮೆಕೆಯೂ ಎಚ್ಚರಗೊಳ್ಳಬೇಕಾಯಿತು. ಅವನು 1911ರಲ್ಲಿ ಹರ್ಸ್ಟ್ ಒಡೆತನದ ಪತ್ರಿಕೆಗಳಿಗೆ ಹೋದನು. ಅಲ್ಲಿ ಒಡೆಯನ ಇಚ್ಛೆಯಂತೆ ಸಂಪಾದಕೀಯ ಚಿತ್ರಗಳೇ ಅವನ ಮುಖ್ಯ ಕಾಯಕವಾದವು. 1914ರಲ್ಲಿ ನೀಮೋ ನಿಂತುಹೋದನು. ಹತ್ತು ವರ್ಷಗಳ ಬಳಿಕ ಮತ್ತೆ ಬಂದರೂ ಬಹುಕಾಲ ಉಳಿಯಲಿಲ್ಲ. ಚಿತ್ರಕಾರನು 1934ರಲ್ಲಿ ತೀರಿಕೊಂಡನು.

ಡ್ರೀಮ್‌ಲ್ಯಾಂಡ್ 1911ರ ಮೇ ತಿಂಗಳ ಒಂದೇ ರಾತ್ರಿಯಲ್ಲಿ ಸುಟ್ಟು ಬೂದಿಯಾಯಿತು. ಅದರ ನೆಲದಲ್ಲಿ ಈಗ ಮತ್ಸ್ಯಾಲಯವಿದೆ. 1944ರ ಬೆಂಕಿ ಲೂನಾ ಪಾರ್ಕನ್ನೂ ನುಂಗಿತು. ಅಲ್ಲಿ ಎತ್ತರದ ವಸತಿಗೃಹಗಳು ಎದ್ದಿವೆ. ಅದೇ ಹೆಸರಿನ ಹೊಸ ವಿನೋದವನ 2010ರಲ್ಲಿ ಹತ್ತಿರದಲ್ಲೇ ತೆರೆಯಿತು.

ಮರ, ಗಾರೆಗಳಿಂದ ಕಟ್ಟಿದ ಕನಸಿನ ಪಟ್ಟಣಗಳು ಅಳಿದವು. ಸೋಮವಾರ ರದ್ದಿಗೆ ಸೇರಬೇಕಾಗಿದ್ದ ಕಾಗದದ ಪಟ್ಟಣ ಮಾತ್ರ ಇಂದಿಗೂ ಪುಸ್ತಕಗಳಲ್ಲಿ ಉಳಿದಿದೆ. ಅಲ್ಲಿಗೆ ಹೋಗಲು ಟಿಕೇಟು ಬೇಡ, ರೈಲೂ ಬೇಡ.