ಗೆದ್ದೆತ್ತಿನ ಬಾಲ ಹಿಡಿಯೋ ಮುಂಚೆ

ನಮ್ಮ ಹಾಸ್ಟೆಲ್‌ನಲ್ಲಿ ಎನ್‌ಬಿಎ ನೋಡೋರು ಏಳೆಂಟು ಜನ ಇದ್ದೀವಿ. ಅಮೆರಿಕದ ರಾತ್ರಿ ಪಂದ್ಯ ನಮಗೆ ಬೆಳಗಿನ ಜಾವ. ನೋಡಿ ಮುಗಿಸಿ ಸೀದಾ ಕ್ಲಾಸಿಗೆ ಹೋಗಿ ತೂಕಡಿಸೋದು ಪದ್ಧತಿ. 2025ರ ಜೂನ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ಏಳನೇ ಪಂದ್ಯದಲ್ಲಿ ಇಂಡಿಯಾನಾ ಪೇಸರ್ಸ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತಲ್ಲ, ಆವತ್ತು ಶುರುವಾದ ವಾದ ಇನ್ನೂ ಮುಗಿದಿಲ್ಲ. ವಾದ ಆಟಗಾರರ ಬಗ್ಗೆ ಅಲ್ಲ, ಒಂದು ಬಾಸ್ಕೆಟ್ಟೂ ಹಾಕದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಬಗ್ಗೆ. ಈ ಗೆಲುವಿನಲ್ಲಿ ಅವರ ಪಾಲೆಷ್ಟು?

ಯಾರನ್ನು ತಗೋಬೇಕು, ಯಾರನ್ನು ಬಿಡಬೇಕು, ಎಷ್ಟು ಕೊಡಬೇಕು ಅನ್ನೋದು ಜನರಲ್ ಮ್ಯಾನೇಜರ್ ಕೆಲಸ. ಪ್ರೆಸ್ಟಿ 2007ರಿಂದ ಅದನ್ನೇ ಮಾಡ್ತಿದ್ದಾರೆ. 2019ರಲ್ಲಿ ಪಾಲ್ ಜಾರ್ಜ್‌ರನ್ನು ಕ್ಲಿಪ್ಪರ್ಸ್ ತಂಡಕ್ಕೆ ಬಿಟ್ಟುಕೊಟ್ಟು, ಆಗಿನ್ನೂ ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್ ಜೊತೆಗೆ ಐದು ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳನ್ನೂ ತಗೊಂಡರು. ಶೇ 2025ರ ಎಂವಿಪಿ. ಆ ಪಿಕ್‌ಗಳಲ್ಲಿ ಒಂದರಿಂದ ಬಂದ ಜೇಲೆನ್ ವಿಲಿಯಮ್ಸ್ ಫೈನಲ್ಸ್‌ನ ಐದನೇ ಪಂದ್ಯದಲ್ಲಿ 40 ಪಾಯಿಂಟ್ ಹೊಡೆದರು. ‘ಇನ್ನೇನು ಬೇಕ್ರೋ ಸಾಕ್ಷಿ’ ಅಂತ ನಮ್ಮಲ್ಲಿ ಅರ್ಧ ಜನ.

ಇನ್ನರ್ಧ ಜನ ಸುಮ್ಮನಿರಲಿಲ್ಲ. ಟ್ರೇಡ್ ಕೇಳಿದ್ದು ಪಾಲ್ ಜಾರ್ಜ್, ಪ್ರೆಸ್ಟಿ ಅಲ್ಲ. ಇನ್ನು ಡ್ರಾಫ್ಟ್ ಲಾಟರಿ: 14 ಚೆಂಡಲ್ಲಿ 4 ಎತ್ತುತ್ತಾರೆ, ಲೆಕ್ಕ ಹಾಕಿದರೆ 1001 ಸಂಯೋಜನೆ. 2022ರಲ್ಲಿ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೇ ಸ್ಥಾನದಲ್ಲಿದ್ದ ಥಂಡರ್‌ಗೆ ಎರಡನೇ ಪಿಕ್ ಸಿಕ್ಕಿ ಚೆಟ್ ಹೋಮ್‌ಗ್ರೆನ್ ಬಂದರು. ಚೆಂಡು ಹಾರಿದ್ದಕ್ಕೂ ಪ್ರೆಸ್ಟಿಗೆ ಹಾರ ಹಾಕಿದರೆ, ಅದು ಕಾಗೆ ಕೂತಿದ್ದಕ್ಕೇ ಕೊಂಬೆ ಮುರೀತು ಅಂದ ಹಾಗೆ.

ಇದಕ್ಕಿಂತ ಗಟ್ಟಿ ಪ್ರಶ್ನೆ 2012ರದ್ದು. ಡುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರನ್ನೂ ಡ್ರಾಫ್ಟ್‌ನಲ್ಲಿ ಆರಿಸಿದ್ದು ಇದೇ ಪ್ರೆಸ್ಟಿ. ಮೂವರೂ ಮುಂದೆ ಎಂವಿಪಿ ಆದರು. ಆದರೆ ಆ ತಂಡ ಫೈನಲ್ಸ್‌ನಲ್ಲಿ ಮಯಾಮಿಗೆ ಸೋತಿತು. ಅದೇ ಅಕ್ಟೋಬರ್‌ನಲ್ಲಿ ಹಾರ್ಡನ್ ಹ್ಯೂಸ್ಟನ್‌ಗೆ ಹೋದರು. ಕಪ್ಪು ನೋಡಿಯೇ ಬುದ್ಧಿ ಅಳೆಯೋದಾದರೆ, 2025ರ ಜಾಣ 2012ರಲ್ಲಿ ದಡ್ಡನಾ?

ಹಾಗಾಗಿ ನಾವು ಒಂದು ಅಳತೆಗೋಲು ಮಾಡ್ಕೊಂಡಿದ್ದೀವಿ. ಎಲ್ಲರಿಗೂ ಸಮನಾಗಿ ಸಿಗ್ತಿದ್ದದ್ದನ್ನು ಈತ ಒಬ್ಬನೇ ಎಷ್ಟು ಸಲ ಎತ್ತಿಕೊಂಡ? ಲೂ ಡಾರ್ಟ್‌ರನ್ನು 2019ರ ಡ್ರಾಫ್ಟ್‌ನ 60 ಪಿಕ್‌ಗಳಲ್ಲಿ ಯಾರೂ ಮುಟ್ಟಲಿಲ್ಲ. 30 ತಂಡಗಳಲ್ಲಿ ಯಾವುದಾದರೂ ಕರೆಯಬಹುದಿತ್ತು, ಕರೆದಿದ್ದು ಥಂಡರ್. ಜೇಲೆನ್ ವಿಲಿಯಮ್ಸ್ 12ನೇ ಪಿಕ್. ಆದರೆ ಅದೇ ರಾತ್ರಿ 11ನೇ ಪಿಕ್ ಆಗಿದ್ದ ಉಸ್ಮಾನ್ ಜೆಂಗ್‌ಗಾಗಿ ಪ್ರೆಸ್ಟಿ ಮೂರು ಮೊದಲ ಸುತ್ತಿನ ಪಿಕ್ ಕೊಟ್ಟರು. ತಂಡ ಗೆದ್ದ ವರ್ಷ ಜೆಂಗ್ ಹೆಚ್ಚಾಗಿ ಬೆಂಚಿನ ಮೇಲೇ ಇದ್ದರು. ಅಂದರೆ ಪ್ರೆಸ್ಟಿಗೂ ಜಾತಕ ಓದೋಕೆ ಬರಲ್ಲ. ಒಂದೊಂದು ಪಿಕ್ ತಪ್ಪಿದರೂ ಮುಳುಗದಷ್ಟು ಪಿಕ್ ಕೂಡಿಹಾಕಿ, ಸೋಲಿನ ವರ್ಷಗಳನ್ನು ತಡ್ಕೊಂಡಿದ್ದು ಅವರ ಸಾಮರ್ಥ್ಯ. ಆ ತಾಳ್ಮೆ ಕೊಟ್ಟ ಮಾಲೀಕರಿಗೂ, ಹುಡುಗರನ್ನು ಬೆಳೆಸಿದ ಕೋಚ್ ಮಾರ್ಕ್ ಡೇಗ್ನಾಲ್ಟ್‌ಗೂ ಅದರಲ್ಲಿ ಪಾಲಿದೆ.

ಇಷ್ಟೆಲ್ಲ ಯಾಕೆ ಅಂತೀರಾ? ಕಳೆದ ವರ್ಷ ನಮ್ಮ ಬಾಸ್ಕೆಟ್‌ಬಾಲ್ ಟೀಮಿನ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದ ಗೆಳೆಯನನ್ನು ಮೊದಲ ಸುತ್ತಲ್ಲೇ ಸೋತರು ಅಂತ ಹತ್ತು ನಿಮಿಷದ ಮೀಟಿಂಗ್‌ನಲ್ಲಿ ತೆಗೆದುಹಾಕಿದರು. ಪಂದ್ಯದ ಹಿಂದಿನ ದಿನ ನಮ್ಮ ಸೆಂಟರ್ ಕಾಲು ಉಳುಕಿಸಿಕೊಂಡಿದ್ದ. ಬೆಳಗ್ಗೆ ಆರಕ್ಕೆ ಕೋರ್ಟ್ ಬಿಡಿಸಿಕೊಟ್ಟಿದ್ದು, ಯಾರೂ ಲೆಕ್ಕಕ್ಕೆ ಇಟ್ಕೊಳ್ಳದ ಇಬ್ಬರು ಫಸ್ಟ್ ಇಯರ್ ಹುಡುಗರನ್ನು ಹುಡುಕಿ ತಂದಿದ್ದು ಅವನೇ. ಈ ವರ್ಷ ಅದೇ ಇಬ್ಬರು ಟೀಮಿನ ಬೆನ್ನೆಲುಬು. ಶಭಾಷ್‌ಗಿರಿ ಮಾತ್ರ ಹೊಸ ಮ್ಯಾನೇಜರ್‌ಗೆ.

ಹೊಸಬ ಕೆಟ್ಟವನಲ್ಲ, ಅವನ ಕೆಲಸ ಅವನು ಮಾಡ್ತಿದ್ದಾನೆ. ಮುಂದಿನ ವಾರ ಮತ್ತೆ ಆಯ್ಕೆಯ ಮೀಟಿಂಗ್ ಇದೆ. ಸ್ಕೋರ್‌ಶೀಟ್ ತೆಗೆಯೋ ಮುಂಚೆ, ಯಾರು ಯಾವ ನಿರ್ಧಾರ ತಗೊಂಡರು, ಆಗ ಅವರ ಕೈಯಲ್ಲಿ ಏನಿತ್ತು ಅಂತ ಒಂದು ಹಾಳೆಯಲ್ಲಿ ಬರೆದು ನಾವು ಮೇಜಿನ ಮೇಲೆ ಇಡ್ತೀವಿ. ಅದನ್ನು ಓದಿದ ಮೇಲೆ ಕೈ ಎತ್ತೋಣ.